ಫ್ರೋಬೆಲ್‌ರ ಪೆಟ್ಟಿಗೆ

ನಮ್ಮ ಬಿ.ಇಡ್. ಪಠ್ಯದಲ್ಲಿ ಫ್ರೆಡ್ರಿಕ್ ಫ್ರೋಬೆಲ್ ಬರುವುದು ಒಂದು ಕಿರು ಟಿಪ್ಪಣಿಯಾಗಿ. ಕಿಂಡರ್‌ಗಾರ್ಟನ್ ಪದ್ಧತಿಯ ಜನಕ, ಆಟದ ಮೂಲಕ ಕಲಿಕೆ, ಉಡುಗೊರೆಗಳು, ಚಟುವಟಿಕೆಗಳು ಎಂದು ನಾಲ್ಕು ಅಂಶ ಬರೆದರೆ ಪ್ರಶ್ನೆ ಮುಗಿಯಿತು. ಆ ಉಡುಗೊರೆ ಎಂದರೆ ಏನು, ಅದರ ಅಳತೆ ಎಷ್ಟು, ಮಗುವಿನ ಕೈಗೆ ಕೊಟ್ಟರೆ ಮುಂದೇನಾಗುತ್ತದೆ ಎಂಬುದಕ್ಕೆ ಟಿಪ್ಪಣಿಯಲ್ಲಿ ಜಾಗವಿಲ್ಲ. ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಚನ್ನಪಟ್ಟಣ ತಾಲ್ಲೂಕಿನ ಒಂದು ಪ್ರೌಢಶಾಲೆ, ಎಂಟನೆಯ ತರಗತಿ, ಘನಾಕೃತಿಗಳ ಘಟಕ. ಗೊಂಬೆ ಕಡೆಯುವ ಊರಿಗೆ ಗೋಳದ ಚಾರ್ಟ್ ಸುತ್ತಿಕೊಂಡು ಹೋಗಲು ಮನಸ್ಸು ಬರಲಿಲ್ಲ. ಫ್ರೋಬೆಲ್‌ರ ಪೆಟ್ಟಿಗೆಗಳನ್ನು ಇಲ್ಲಿಯೇ ಮಾಡಿಸಿದೆ. ಮಾಡಿಸುವುದಕ್ಕೆ ಮೊದಲು ಅವರ ಬದುಕನ್ನು ಓದಿದೆ. ಆ ಓದನ್ನು ಇಲ್ಲಿ ಬರೆಯುತ್ತಿದ್ದೇನೆ.

ಫ್ರೋಬೆಲ್ ಹುಟ್ಟಿದ್ದು 1782ರ ಏಪ್ರಿಲ್ 21ರಂದು, ಜರ್ಮನಿಯ ತುರಿಂಗಿಯಾ ಕಾಡುಸೀಮೆಯ ಓಬರ್‌ವೈಸ್‌ಬಾಕ್ ಎಂಬ ಹಳ್ಳಿಯಲ್ಲಿ. ತಂದೆ ಲೂಥರನ್ ಪಂಥದ ಪಾದ್ರಿ. ಮಗುವಿಗೆ ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ತಂದೆಗೆ ಚರ್ಚಿನ ಕೆಲಸದ ನಡುವೆ ಪುರುಸೊತ್ತಿರಲಿಲ್ಲ. ಮಲತಾಯಿ ಬಂದ ಮೇಲೆ, ಅವರಿಗೆ ಸ್ವಂತ ಮಗು ಹುಟ್ಟಿದ ಮೇಲೆ, ಈ ಹುಡುಗ ಮನೆಯಲ್ಲಿ ಹೊರಗಿನವನಾದ. ಊರಿನ ಹುಡುಗರ ಶಾಲೆಯ ಮೇಲೆ ತಂದೆಗೆ ವಿಶ್ವಾಸವಿರಲಿಲ್ಲವೆಂದು ಅವನನ್ನು ಹುಡುಗಿಯರ ಶಾಲೆಗೆ ಸೇರಿಸಿದ್ದರು. ಹತ್ತನೆಯ ವಯಸ್ಸಿನಲ್ಲಿ ತಾಯಿಯ ಕಡೆಯ ಮಾವ ಷ್ಟಾಟ್‌ಇಲ್ಮ್ ಎಂಬ ಪಟ್ಟಣಕ್ಕೆ ಕರೆದೊಯ್ದರು. ಅಲ್ಲಿ ಮೊದಲ ಬಾರಿಗೆ ಅವನಿಗೆ ಓರಗೆಯ ಹುಡುಗರ ಜೊತೆ ಬಯಲಿನಲ್ಲಿ ಆಡಲು ಸಿಕ್ಕಿತು. ಆಟದ ಬಗ್ಗೆ ಜಗತ್ತಿಗೆ ಹೇಳಿಕೊಟ್ಟವರಿಗೆ ಆಟ ಸಿಕ್ಕಿದ್ದು ಇಷ್ಟು ತಡವಾಗಿ.

ಓದಿನಲ್ಲಿ ಮುಂದಿಲ್ಲವೆಂದು 15ನೆಯ ವಯಸ್ಸಿನಲ್ಲಿ ಅವರನ್ನು ಅರಣ್ಯಾಧಿಕಾರಿಯೊಬ್ಬರ ಬಳಿ ಕೆಲಸ ಕಲಿಯಲು ಬಿಟ್ಟರು. ಎರಡು ವರ್ಷ ಮರ, ಗಿಡ, ಅಳತೆ, ಜ್ಯಾಮಿತಿ. 1799ರಲ್ಲಿ ಯೇನಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಸಾಲ ತೀರಿಸಲಾಗದೆ ವಿಶ್ವವಿದ್ಯಾಲಯದ ಸೆರೆಕೋಣೆಯಲ್ಲಿ ಒಂಬತ್ತು ವಾರ ಕಳೆದು ಮನೆಗೆ ಮರಳಿದರು. ಆಮೇಲಿನ ಕೆಲವು ವರ್ಷ ಗುಮಾಸ್ತರಾಗಿ, ಭೂಮಾಪಕರಾಗಿ, ಜಮೀನ್ದಾರರ ಲೆಕ್ಕ ಬರೆಯುವವರಾಗಿ ಊರೂರು ಅಲೆದರು. ಕೆಲಸ ಸಿಗುವ ಮೊದಲು ನಾಲ್ಕು ಅರ್ಜಿ ಹಾಕಿ ಕಾಯುವ ನಮ್ಮ ಓರಗೆಯವರಿಗೆ ಈ ಭಾಗ ಪರಿಚಿತವೆನ್ನಿಸೀತು.

1805ರಲ್ಲಿ ವಾಸ್ತುಶಿಲ್ಪ ಕಲಿಯಲೆಂದು ಫ್ರಾಂಕ್‌ಫರ್ಟ್‌ಗೆ ಹೋದರು. ಅಲ್ಲಿನ ಮಾದರಿ ಶಾಲೆಯ ಮುಖ್ಯಸ್ಥ ಗ್ರೂನರ್ ಅವರನ್ನು ಗಮನಿಸಿ, ಕಟ್ಟಡ ಬಿಟ್ಟು ಪಾಠ ಹೇಳಿ ಎಂದು ಒತ್ತಾಯಿಸಿದರು. ತರಗತಿಯಲ್ಲಿ ನಿಂತ ಮೊದಲ ದಿನಗಳಲ್ಲೇ ತನ್ನ ಜಾಗ ಇದೇ ಎಂದು ಫ್ರೋಬೆಲ್‌ರಿಗೆ ಗೊತ್ತಾಯಿತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಇವರ್ಡನ್‌ಗೆ ಹೋಗಿ ಪೆಸ್ಟಲಾಜಿಯವರ ಶಾಲೆ ನೋಡಿ ಬಂದರು. 1808ರಿಂದ 1810ರವರೆಗೆ ತಮ್ಮ ಮನೆಪಾಠದ ಮೂವರು ಹುಡುಗರ ಜೊತೆ ಅಲ್ಲೇ ಉಳಿದರು. ವಸ್ತುವನ್ನು ನೋಡಿ, ಮುಟ್ಟಿ ಕಲಿಯುವುದು ಅವರಿಗೆ ಹಿಡಿಸಿತು. ಆದರೆ ಅಲ್ಲಿ ಒಂದು ವಿಷಯಕ್ಕೂ ಇನ್ನೊಂದಕ್ಕೂ ಕೊಂಡಿ ಇಲ್ಲ ಎಂಬ ಕೊರಗು ಉಳಿಯಿತು.

ಕೊಂಡಿ ಸಿಕ್ಕಿದ್ದು ಕಲ್ಲಿನಲ್ಲಿ. 1812ರಲ್ಲಿ ಬರ್ಲಿನ್‌ಗೆ ಬಂದು ಕ್ರಿಶ್ಚಿಯನ್ ಸಾಮ್ಯುಯೆಲ್ ವೈಸ್ ಅವರ ಬಳಿ ಖನಿಜಶಾಸ್ತ್ರ ಓದಿದರು. ಬಿ.ಎಸ್‌ಸಿ.ಯಲ್ಲಿ ಹರಳುಗಳ ಅಧ್ಯಾಯ ಓದಿದವರಿಗೆ ಮಿಲ್ಲರ್ ಸೂಚಿಗೆ ಮೊದಲು ಬರುವ ವೈಸ್ ಎಂಬ ಹೆಸರು ನೆನಪಿರಬಹುದು, ಅವರೇ ಇವರು. ನಾನು ಅಕ್ಷಗಳ ಛೇದವನ್ನು ಲೆಕ್ಕವಾಗಿ ಮಾತ್ರ ಬಿಡಿಸಿದ್ದೆ. ಈ ಮೇಷ್ಟರ ಶಿಷ್ಯರೊಬ್ಬರು ಶಿಶುಶಿಕ್ಷಣ ಕಟ್ಟಿದರು ಎಂಬುದು ನನಗೆ ಹೊಸ ಸುದ್ದಿ. 1813ರಲ್ಲಿ ನೆಪೋಲಿಯನ್ ವಿರುದ್ಧ ಲ್ಯೂಟ್ಸೋ ಸ್ವಯಂಸೇವಕ ಪಡೆ ಸೇರಿ ಯುದ್ಧಕ್ಕೆ ಹೋಗಿ, 1814ರಲ್ಲಿ ಮರಳಿ ವೈಸ್ ಅವರ ಖನಿಜ ಸಂಗ್ರಹಾಲಯದಲ್ಲಿ ಸಹಾಯಕರಾದರು. ಹರಳುಗಳನ್ನು ವಿಂಗಡಿಸುತ್ತ ಕೂತವರಿಗೆ ಒಂದು ಯೋಚನೆ ಬಲವಾಯಿತು. ಹರಳಿನ ಹೊರ ಆಕಾರವನ್ನು ಯಾರೂ ಕೆತ್ತುವುದಿಲ್ಲ, ಒಳಗಿನ ಜೋಡಣೆಯ ನಿಯಮವೇ ಹೊರಗೆ ಮುಖ, ಅಂಚು, ಮೂಲೆಯಾಗಿ ಕಾಣುತ್ತದೆ. ಮಗುವೂ ಹಾಗೆಯೇ ಒಳಗಿನಿಂದ ಬೆಳೆಯಬೇಕು ಎಂದು ಅವರು ತೀರ್ಮಾನಿಸಿದರು. ವಿಜ್ಞಾನದ ವಿದ್ಯಾರ್ಥಿಯಾಗಿ ಈ ಹೋಲಿಕೆಯನ್ನು ನಾನು ಪೂರ್ತಿ ಒಪ್ಪಲಾರೆ. ಹರಳಿಗೆ ಅಕ್ಕಪಕ್ಕದ ಮನೆ, ಜಾತಿ, ಮಧ್ಯಾಹ್ನದ ಊಟ ಇರುವುದಿಲ್ಲ. ಆದರೂ ಮುಂದೆ ಅವರು ಮಾಡಿಸಿದ ಮರದ ತುಂಡುಗಳ ಬೇರು ಈ ಸಂಗ್ರಹಾಲಯದಲ್ಲಿದೆ.

ಸ್ಟಾಕ್‌ಹೋಮ್‌ನಲ್ಲಿ ಖನಿಜಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ಕರೆದರೂ ಅವರು ಹೋಗಲಿಲ್ಲ. ಅಣ್ಣ ಕ್ರಿಸ್ಟೋಫ್ ಯುದ್ಧಕಾಲದ ಜ್ವರಕ್ಕೆ ಬಲಿಯಾಗಿದ್ದರು. ಅಣ್ಣನ ಮಕ್ಕಳಿಗೆ ಪಾಠ ಹೇಳಲೆಂದು 1816ರಲ್ಲಿ ಗ್ರೀಸ್‌ಹೈಮ್‌ನಲ್ಲಿ ಪುಟ್ಟ ಶಾಲೆ ತೆರೆದರು. ಮರುವರ್ಷ ಅದು ಕೈಲ್‌ಹೌ ಹಳ್ಳಿಗೆ ಹೋಯಿತು. ಯುದ್ಧದಲ್ಲಿ ಜೊತೆಗಿದ್ದ ಮಿಡೆನ್‌ಡಾರ್ಫ್, ಲಾಂಗೆಥಾಲ್ ಎಂಬ ಗೆಳೆಯರಿಬ್ಬರು ಜೊತೆಗೂಡಿದರು. ಶಾಲೆ ಬೆಳೆಯಿತು. 1826ರಲ್ಲಿ ಮಾನವನ ಶಿಕ್ಷಣ ಎಂಬ ಅವರ ಪುಸ್ತಕ ಬಂತು. ಓದಲು ಬಹಳ ಕಷ್ಟದ ಪುಸ್ತಕ ಅದು, ದೇವರು, ನಿಸರ್ಗ, ಏಕತೆ ಎಂದು ವಾಕ್ಯ ಸುತ್ತಿ ಸುತ್ತಿ ಬರುತ್ತದೆ. ಮರದ ತುಂಡಿನಲ್ಲಿ ಅವರು ಸಲೀಸಾಗಿ ಹೇಳಿದ್ದನ್ನು ಬರವಣಿಗೆಯಲ್ಲಿ ಹೇಳಲು ಅವರಿಂದ ಆಗಲಿಲ್ಲ ಎಂದೇ ನನ್ನ ಅನಿಸಿಕೆ. ಅಷ್ಟರಲ್ಲಿ ಸರ್ಕಾರಗಳಿಗೆ ಈ ಶಾಲೆಯ ಮೇಲೆ ರಾಜಕೀಯ ಅನುಮಾನ ಹುಟ್ಟಿತು. ತಪಾಸಣೆಗೆ ಬಂದ ಅಧಿಕಾರಿ ಮೆಚ್ಚಿ ವರದಿ ಕೊಟ್ಟರೂ ಪೋಷಕರು ಹೆದರಿದರು, ಮಕ್ಕಳ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು. 1831ರಲ್ಲಿ ಫ್ರೋಬೆಲ್ ಸ್ವಿಟ್ಜರ್ಲೆಂಡಿಗೆ ಹೋದರು. ಬುರ್ಗ್‌ಡಾರ್ಫ್‌ನ ಅನಾಥಾಲಯ ನಡೆಸುತ್ತ, ಶಿಕ್ಷಕರಿಗೆ ತರಬೇತಿ ಕೊಡುತ್ತ ಇದ್ದಾಗ, ಶಾಲೆಗೆ ಸೇರುವ ಹೊತ್ತಿಗಾಗಲೇ ಮಕ್ಕಳಲ್ಲಿ ಎಷ್ಟೋ ಕಳೆದುಹೋಗಿರುತ್ತದೆ ಎಂದು ಅವರಿಗೆ ಕಂಡಿತು. ಅಲ್ಲಿಂದ ಅವರ ಗಮನ ಆರು ವರ್ಷದೊಳಗಿನ ಮಕ್ಕಳ ಕಡೆ ತಿರುಗಿತು.

1837ರಲ್ಲಿ, 55ನೆಯ ವಯಸ್ಸಿನಲ್ಲಿ, ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಅವರು ಆಟದ ಸಾಮಾನು ತಯಾರಿಸುವ ಕೆಲಸ ಶುರುಮಾಡಿದರು. ಇದೇ ಉಡುಗೊರೆಗಳು.

ಮೊದಲನೆಯದು ಬಣ್ಣದ ಉಣ್ಣೆಯ ಆರು ಚೆಂಡು, ದಾರ ಸಮೇತ. ಎರಡನೆಯದು ಮರದ ಗೋಳ, ಸಿಲಿಂಡರ್, ಘನ. ಮೂರನೆಯದು ಎರಡು ಅಂಗುಲದ ಘನ, ಅದು ಒಂದಂಗುಲದ ಎಂಟು ಘನಗಳಾಗಿ ಬಿಚ್ಚಿಕೊಳ್ಳುತ್ತದೆ. ನಾಲ್ಕನೆಯದೂ ಎರಡು ಅಂಗುಲದ ಘನವೇ, ಆದರೆ ಬಿಚ್ಚಿದರೆ ಎಂಟು ಇಟ್ಟಿಗೆ: ಪ್ರತಿಯೊಂದೂ ಎರಡು ಅಂಗುಲ ಉದ್ದ, ಒಂದಂಗುಲ ಅಗಲ, ಅರ್ಧ ಅಂಗುಲ ದಪ್ಪ. ಐದು ಮತ್ತು ಆರನೆಯವು ಮೂರಂಗುಲದ ಘನಗಳು. ಐದನೆಯದರ 27 ಘನಗಳಲ್ಲಿ ಮೂರನ್ನು ಕರ್ಣದಲ್ಲಿ ಎರಡಾಗಿ, ಮೂರನ್ನು ನಾಲ್ಕಾಗಿ ಕೊಯ್ದಿರುವುದರಿಂದ ಒಟ್ಟು 39 ತುಂಡು. ಮಾಡು ಇಳಿಜಾರಾಗುವುದು ಇಲ್ಲಿಂದ.

ನಾನು ಎರಡನೆಯ, ಮೂರನೆಯ, ನಾಲ್ಕನೆಯ ಪೆಟ್ಟಿಗೆಗಳನ್ನು ಮಾಡಿಸಿದೆ. ಗೋಳ, ಸಿಲಿಂಡರ್ ಚನ್ನಪಟ್ಟಣದ ಕುಶಲಕರ್ಮಿಗೆ ಕೆಲವೇ ನಿಮಿಷಗಳ ಕೆಲಸ. ಆಲೆಮರದ ತುಂಡನ್ನು ಲೇತ್‌ಗೆ ಹಾಕಿ ಉಳಿ ಹಿಡಿದರು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರು, ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯಿತು, ತಾಳೆಗರಿಯಲ್ಲಿ ಹೊಳಪು ಬಂತು. ಘನ ಕೇಳಿದಾಗ ನಕ್ಕು, ಅದಕ್ಕೆ ಬಡಗಿಯ ಹತ್ತಿರ ಹೋಗಪ್ಪ ಎಂದರು. ಲೇತ್‌ನಲ್ಲಿ ಮೂಲೆ ಹುಟ್ಟುವುದಿಲ್ಲ, ತಿರುಗುವುದೆಲ್ಲ ದುಂಡಗಾಗುತ್ತದೆ. ಫ್ರೋಬೆಲ್ ಎರಡನೆಯ ಉಡುಗೊರೆಯಲ್ಲಿ ತೋರಿಸಬಯಸಿದ್ದು ಇದನ್ನೇ. ಘನದ ಒಂದು ಮುಖದ ನಡುವೆ ದಾರ ಕಟ್ಟಿ ತೂಗುಬಿಟ್ಟು ಜೋರಾಗಿ ತಿರುಗಿಸಿದರೆ ಕಣ್ಣಿಗೆ ಸಿಲಿಂಡರ್ ಕಾಣುತ್ತದೆ. ಸಿಲಿಂಡರನ್ನು ಪಕ್ಕದ ನಡುವಿನಿಂದ ಅಡ್ಡಲಾಗಿ ತೂಗಿ ತಿರುಗಿಸಿದರೆ ಒಳಗೊಂದು ಗೋಳ ಮೂಡುತ್ತದೆ. ಮಕ್ಕಳಲ್ಲಿ ಕೆಲವರ ಅಪ್ಪಂದಿರು ಗೊಂಬೆ ಕೆಲಸದವರು. ಚೌಕದ ಕಟ್ಟಿಗೆ ಲೇತ್‌ನಲ್ಲಿ ಯಾಕೆ ದುಂಡಗೆ ಕಾಣುತ್ತದೆ ಎಂದು ಆ ಮಕ್ಕಳೇ ಉಳಿದವರಿಗೆ ಹೇಳಿದರು.

ಬಡಗಿ ಹೇಳಿದ ಒಂದು ಮಾತು ಮಾಡಿಸುವವರಿಗೆ ಉಪಯೋಗವಾದೀತು. ಎರಡಂಗುಲದ ಘನವನ್ನು ಎಂಟಾಗಿ ಕೊಯ್ದರೆ ಒಂದಂಗುಲದ ಘನ ಸಿಗುವುದಿಲ್ಲ, ಗರಗಸದ ಹಲ್ಲಿನಷ್ಟು ಮರ ಪುಡಿಯಾಗಿ ಹೋಗುತ್ತದೆ. ಒಂದಂಗುಲದ ಪಟ್ಟಿ ತೆಗೆದು ಅದರಿಂದ ತುಂಡು ಮಾಡಬೇಕು.

ಈ ತುಂಡುಗಳಿಂದ ಕಟ್ಟುವುದನ್ನು ಫ್ರೋಬೆಲ್ ಮೂರಾಗಿ ನೋಡಿದರು. ಬದುಕಿನ ರೂಪಗಳು, ಅಂದರೆ ಮನೆ, ಕುರ್ಚಿ, ಬಾವಿ. ಜ್ಞಾನದ ರೂಪಗಳು, ಅಂದರೆ ಅರ್ಧ, ಕಾಲು, ಎಂಟನೇ ಒಂದು. ಸೌಂದರ್ಯದ ರೂಪಗಳು, ಅಂದರೆ ನಡುವಿನಿಂದ ನಾಲ್ಕೂ ದಿಕ್ಕಿಗೆ ಸಮನಾಗಿ ಹರಡುವ ವಿನ್ಯಾಸ. ಈ ಮೂರನೆಯದನ್ನು ನಾನು ವಿವರಿಸಬೇಕಾಗಲಿಲ್ಲ, ಹುಡುಗಿಯರು ಅದನ್ನು ರಂಗೋಲಿ ಎಂದೇ ಕರೆದರು. ಅವರ ನಿಯಮ ಎರಡು. ಒಂದು ತುಂಡೂ ಪೆಟ್ಟಿಗೆಯಲ್ಲಿ ಉಳಿಯಬಾರದು. ಕಟ್ಟಿದ್ದನ್ನು ಕೆಡವಿ ಹೊಸದು ಮಾಡಬಾರದು, ಒಂದೊಂದೇ ತುಂಡು ಸರಿಸಿ ಹಳೆಯದರಿಂದಲೇ ಹೊಸದನ್ನು ಹೊರಡಿಸಬೇಕು.

ಎಂಟು ಘನಗಳಿಂದ ನನ್ನ ಗಣಿತ ಪಾಠವೂ ಹೊರಟಿತು. ಸಾಲಾಗಿ ಇಟ್ಟರೆ ಮೇಲ್ಮೈ 34 ಚದರ ಅಂಗುಲ, ನಾಲ್ಕರಂತೆ ಎರಡು ಸಾಲಿಟ್ಟರೆ 28, ಒಟ್ಟುಗೂಡಿಸಿ ಘನ ಮಾಡಿದರೆ 24. ಘನಫಲ ಮಾತ್ರ ಮೂರರಲ್ಲೂ ಎಂಟೇ. ನಾಲ್ಕನೆಯ ಪೆಟ್ಟಿಗೆಯ ಇಟ್ಟಿಗೆಯ ಘನಫಲವೂ ಒಂದು ಘನ ಅಂಗುಲ, ಮೇಲ್ಮೈ ಮಾತ್ರ ಆರರ ಬದಲು ಏಳು. ಸೂತ್ರ ಬಾಯಿಪಾಠ ಬಾರದ ಹುಡುಗನೊಬ್ಬ ಮುಚ್ಚಿಹೋದ ಮುಖಗಳನ್ನು ಎಣಿಸಿ ಕಳೆದು ಇದನ್ನು ಮೊದಲು ಹೇಳಿದ. ಕೊನೆಯ ಹತ್ತು ನಿಮಿಷ ಇಷ್ಟ ಬಂದದ್ದು ಕಟ್ಟಿ ಎಂದೆ. ರಾಮದೇವರ ಬೆಟ್ಟ ಬಂತು, ಮಾಗಡಿ ಕೋಟೆ ಬಂತು. ರೇಷ್ಮೆ ಸಾಕುವ ಮನೆಯ ಹುಡುಗಿ ಇಟ್ಟಿಗೆಗಳನ್ನು ಅಂತಸ್ತು ಮಾಡಿ ಹುಳು ಮೇಯಿಸುವ ಸ್ಟ್ಯಾಂಡ್ ನಿಲ್ಲಿಸಿದಳು. ಗುಂಪುಗಳು ಒಂದರ ಬೆಂಚಿಗೆ ಒಂದು ಹೋಗಿ ನೋಡಿದವು, ಕಟ್ಟಿದವರು ವಿವರಿಸಿದರು. ಪಾಠಯೋಜನೆಯ ನಮೂನೆಯಲ್ಲಿ ಈ ಹತ್ತು ನಿಮಿಷಕ್ಕೆ ಕಾಲಂ ಇಲ್ಲ. ಇದನ್ನು ಮೌಲ್ಯಮಾಪನ ಎನ್ನಬೇಕೋ ಪುನರ್ಬಲನ ಎನ್ನಬೇಕೋ ಎಂದು ವೀಕ್ಷಣೆಗೆ ಬಂದಿದ್ದ ಮೇಡಂ ಮತ್ತು ನಾನು ಬಹಳ ಹೊತ್ತು ಚರ್ಚಿಸಿದೆವು.

ಫ್ರೋಬೆಲ್‌ರಿಗೂ ಹಂಚಿಕೊಳ್ಳುವ ಹಂಬಲ ದೊಡ್ಡದಿತ್ತು. ಪೆಟ್ಟಿಗೆಯ ಜೊತೆ ವಿನ್ಯಾಸಗಳ ಅಚ್ಚುಹಾಳೆ ಕಳಿಸಿದರು, ವಾರಪತ್ರಿಕೆ ನಡೆಸಿದರು, ಡ್ರೆಸ್ಡೆನ್, ಲೈಪ್‌ಜಿಗ್ ಮೊದಲಾದ ಊರುಗಳಿಗೆ ಹೋಗಿ ಮಕ್ಕಳ ಜೊತೆ ನೆಲದ ಮೇಲೆ ಕೂತು ಆಡಿ ತೋರಿಸಿದರು. 1839ರಲ್ಲಿ ಪತ್ನಿ ಹೆನ್ರಿಯೆಟ್ ತೀರಿಕೊಂಡರು. 1840ರಲ್ಲಿ ತಮ್ಮ ಸಂಸ್ಥೆಗೆ ಮಕ್ಕಳ ತೋಟ ಎಂಬ ಅರ್ಥದ ಕಿಂಡರ್‌ಗಾರ್ಟನ್ ಹೆಸರಿಟ್ಟರು. ಅದಕ್ಕೆ ಹಣ ಕೂಡಿಸಲು ಜರ್ಮನಿಯ ಮಹಿಳೆಯರಿಗೆ ಷೇರು ಮಾರಲು ಹೊರಟರು, ಕೊಂಡವರು ಕಡಿಮೆ. ಲೆಕ್ಕಾಚಾರದಲ್ಲಿ ಅವರು ಜೀವನವಿಡೀ ಸೋತವರೇ. ಆದರೆ ಚಿಕ್ಕ ಮಕ್ಕಳ ಶಿಕ್ಷಕಿಯರಾಗಿ ಹೆಣ್ಣುಮಕ್ಕಳಿಗೆ ಕ್ರಮವಾದ ತರಬೇತಿ ಕೊಟ್ಟರು, ಆ ಕಾಲಕ್ಕೆ ಅದು ಗೇಲಿಗೆ ಗುರಿಯಾದ ಕೆಲಸ. ಮುಕ್ಕಾಲು ಪಾಲು ಹೆಣ್ಣುಮಕ್ಕಳೇ ಇರುವ ನಮ್ಮ ತರಗತಿಯಲ್ಲಿ ಇದನ್ನು ಟಿಪ್ಪಣಿಯ ಮೊದಲ ಅಂಶವಾಗಿ ಬರೆಸಬೇಕಿತ್ತು.

1851ರ ಆಗಸ್ಟ್ 7ರಂದು ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ನಾಸ್ತಿಕತೆ, ಸಮಾಜವಾದ ಕಲಿಸುತ್ತಾರೆಂಬ ಆರೋಪ. ಅಸಲಿಗೆ ಸಮಾಜವಾದಿ ವಿಚಾರದ ಕಿರುಪುಸ್ತಕ ತಂದಿದ್ದವರು ಅವರ ಅಣ್ಣನ ಮಗ ಕಾರ್ಲ್ ಫ್ರೋಬೆಲ್. ಮಂತ್ರಿಗಳು ಇಬ್ಬರನ್ನೂ ಒಂದಾಗಿ ನೋಡಿದರು. ತಾವು ಬೇರೆ ಎಂದು ಫ್ರೋಬೆಲ್ ಬರೆದುಕೊಂಡರು, ರಾಜನವರೆಗೂ ಮನವಿ ಹೋಯಿತು, ಆದೇಶ ಬದಲಾಗಲಿಲ್ಲ. 1852ರ ಜೂನ್ 21ರಂದು ಅವರು ಮರಿಯೆನ್‌ತಾಲ್‌ನಲ್ಲಿ ತೀರಿಕೊಂಡರು. ಷ್ವೈನಾ ಎಂಬ ಊರಿನ ಸ್ಮಶಾನದಲ್ಲಿ ಅವರ ಸಮಾಧಿಯ ಮೇಲೆ ಕಲ್ಲಿನ ಘನ, ಅದರ ಮೇಲೆ ಸಿಲಿಂಡರ್, ಅದರ ಮೇಲೆ ಗೋಳ ನಿಲ್ಲಿಸಿದ್ದಾರೆ.

ನಿಷೇಧ ತೆರವಾದದ್ದು 1860ರಲ್ಲಿ. ಅಷ್ಟರಲ್ಲಿ ಪೆಟ್ಟಿಗೆಗಳು ಸಮುದ್ರ ದಾಟಿದ್ದವು. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಇವನ್ನು ನೋಡಿದ ತಾಯಿಯೊಬ್ಬರು ಮಗನಿಗೆ ಕೊಂಡು ತಂದರು; ಆ ಹುಡುಗ ಮುಂದೆ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಆದರು, ಮರದ ಆ ತುಂಡುಗಳು ಬೆರಳಿನಲ್ಲಿ ಉಳಿದವೆಂದು ಮುಪ್ಪಿನಲ್ಲೂ ಹೇಳಿಕೊಂಡರು. 1932ರಲ್ಲಿ ಡೆನ್ಮಾರ್ಕಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ ಮರದ ಆಟಿಕೆಗಳಿಂದ ಶುರುಮಾಡಿದ ಅಂಗಡಿಯೇ ಲೆಗೊ, ಇಂದಿನ ಒತ್ತಿ ಕೂರಿಸುವ ಪ್ಲಾಸ್ಟಿಕ್ ಇಟ್ಟಿಗೆಗೆ 1958ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಇಟ್ಟಿಗೆ ಒಂದಕ್ಕೊಂದು ಕಚ್ಚಿಕೊಂಡಿದ್ದರಿಂದ ದೊಡ್ಡವರೂ ಅದರಿಂದ ಶಿಲ್ಪ ಮಾಡಿ ಪ್ರದರ್ಶನಕ್ಕೆ ಇಡುತ್ತಾರೆ. ಫ್ರೋಬೆಲ್‌ರ ತುಂಡುಗಳು ಕಚ್ಚಿಕೊಳ್ಳುವುದಿಲ್ಲ, ಕೈ ನಡುಗಿದರೆ ಬೀಳುತ್ತವೆ. ಸಮತೋಲನದ ಪಾಠಕ್ಕೆ ಅದೇ ಒಳ್ಳೆಯದು.

ಹೊಗಳಿಕೆಯ ನಡುವೆ ಒಂದನ್ನು ಬಿಡಬಾರದು. ಅವರ ನಂತರದ ಕಿಂಡರ್‌ಗಾರ್ಟನ್‌ಗಳಲ್ಲಿ ಎಷ್ಟೋ ಕಡೆ ಶಿಕ್ಷಕಿ ಹೇಳಿದ ಕ್ಷಣಕ್ಕೆ ಎಲ್ಲ ಮಕ್ಕಳೂ ಅದೇ ತುಂಡನ್ನು ಅದೇ ಗೆರೆಯ ಮೇಲೆ ಇಡಬೇಕಿತ್ತು. ಆಟ ಕವಾಯತಾಯಿತು. ಜಾನ್ ಡ್ಯೂಯಿ ಮೊದಲಾದವರು ಟೀಕಿಸಿದ್ದು ಇದನ್ನೇ, ಅದರ ಬೀಜ ಫ್ರೋಬೆಲ್‌ರ ಬಿಗಿ ನಿಯಮಗಳಲ್ಲೇ ಇತ್ತು. ಕೆಡವಬಾರದು ಎಂಬ ನಿಯಮವನ್ನು ನಾನು ಒಂದು ದಿನ ಪಾಲಿಸಿದೆ, ಎರಡನೆಯ ದಿನ ಬಿಟ್ಟೆ. ಕೆಡವುವಾಗ ಆಗುವ ಸದ್ದು ಮಕ್ಕಳಿಗೆ ಇಷ್ಟ.

ಪೆಟ್ಟಿಗೆಗಳನ್ನು ಕಾಲೇಜಿನ ಗಣಿತ ಪ್ರಯೋಗಾಲಯದ ಬೀರುವಿನಲ್ಲಿ ಇಟ್ಟಿದ್ದೇನೆ. ಕನಕಪುರ, ಮಾಗಡಿ ಕಡೆಯ ಶಾಲೆಗಳಿಗೆ ಹೋಗುವ ಮುಂದಿನ ತಂಡದವರು ಸಹಿ ಹಾಕಿ ಒಯ್ಯಬಹುದು. ಐದನೆಯ ಪೆಟ್ಟಿಗೆಯ 39 ತುಂಡುಗಳನ್ನು ಇನ್ನೂ ಮಾಡಿಸಬೇಕಿದೆ. ಘನವನ್ನು ಕರ್ಣದಲ್ಲಿ ಕೊಯ್ಯಲು ಬಡಗಿ ಒಂದು ವಾರ ಕೇಳಿದ್ದಾರೆ.