ತಮ್ಮ ಬರಹಕ್ಕೆ ತಾವೇ ಪರೀಕ್ಷಕರಾದ ಮಿರ್ಝಾ ಗಾಲಿಬ್

ಕವಿತೆಯೋ ಕಥೆಯೋ ಬರೆಯಲು ಕುಳಿತು, ಮನಸ್ಸಿನಲ್ಲಿದ್ದಂತೆ ಮೂಡಲಿಲ್ಲವೆಂದು ಹಾಳೆ ಹರಿದು ಹಾಕಿದ್ದೀರಾ? ಹಾಗಾದರೆ ಮಿರ್ಝಾ ಗಾಲಿಬರ ಬದುಕನ್ನೊಮ್ಮೆ ನೋಡಿ.

ಅಸದುಲ್ಲಾ ಖಾನ್ ಗಾಲಿಬ್ 1797ರ ಡಿಸೆಂಬರ್ 27ರಂದು ಆಗ್ರಾದಲ್ಲಿ ಜನಿಸಿದರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು ಚಿಕ್ಕ ವಯಸ್ಸಿನಲ್ಲೇ ಬರೆಯತೊಡಗಿದರು. ಪಾರ್ಸಿ ಕವಿ ಬೇದಿಲರ ಗಹನ ಶೈಲಿ ಅವರಿಗೆ ಆದರ್ಶವಾಗಿತ್ತು. ಆದರೆ ಉರ್ದುವಿನಲ್ಲಿ ಆ ಎತ್ತರ ಕೈಗೆಟುಕಲಿಲ್ಲ. ಅನೇಕ ಶೇರ್‌ಗಳು ಒಗಟಿನಂತಾದವು. ಕೇಳಿದವರು ಗೇಲಿ ಮಾಡಿದರು.

ಗಾಲಿಬ್ ಲೇಖನಿ ಕೆಳಗಿಡಲಿಲ್ಲ. ತಮ್ಮ ಬರಹಕ್ಕೆ ತಾವೇ ಪರೀಕ್ಷಕರಾದರು. 1841ರಲ್ಲಿ ದೆಹಲಿಯಲ್ಲಿ ಮೊದಲ ಉರ್ದು ದೀವಾನ್ ಅಚ್ಚಾದಾಗ ಅದರಲ್ಲಿದ್ದದ್ದು ಸುಮಾರು 1,100 ಶೇರ್‌ಗಳು ಮಾತ್ರ. ಯೌವನದ ರಚನೆಗಳಲ್ಲಿ ಬಹಳಷ್ಟನ್ನು ಅವರೇ ಕೈಬಿಟ್ಟಿದ್ದರು. ಭೋಪಾಲದಲ್ಲಿ ದೊರೆತ 1821ರ ಹಸ್ತಪ್ರತಿಯೊಂದು 1921ರಲ್ಲಿ ಪ್ರಕಟವಾದಾಗ, ಅವರು ಎಷ್ಟನ್ನು ಬಿಟ್ಟಿದ್ದರೆಂಬುದು ಲೋಕಕ್ಕೆ ತಿಳಿಯಿತು.

1861ರಲ್ಲಿ ಹೊಸ ಮುದ್ರಣ ಬಂದಾಗ ಅದರ ತುಂಬ ಅಚ್ಚಿನ ತಪ್ಪುಗಳು! ಅರವತ್ತು ದಾಟಿದ್ದ ಕವಿ ಬೇಸತ್ತು ಸುಮ್ಮನಾಗಲಿಲ್ಲ. ಪ್ರತಿಯೊಂದನ್ನು ತಿದ್ದಿಕೊಟ್ಟು, 1862ರಲ್ಲಿ ಕಾನ್ಪುರದ ನಿಝಾಮಿ ಪ್ರೆಸ್‌ನಲ್ಲಿ ಮತ್ತೆ ಮುದ್ರಿಸಿದರು.

1869ರ ಫೆಬ್ರವರಿ 15ರಂದು ಅವರು ದೆಹಲಿಯಲ್ಲಿ ನಿಧನರಾದರು. ತಮ್ಮ ಪಾರ್ಸಿ ಕಾವ್ಯವೇ ಶ್ರೇಷ್ಠವೆಂದು ನಂಬಿದ್ದ ಅವರನ್ನು ಜನಮನದಲ್ಲಿ ಉಳಿಸಿದ್ದು ಮಾತ್ರ ಈ ಪುಟ್ಟ ಉರ್ದು ದೀವಾನ್.

ಆದ್ದರಿಂದ ಹಾಳೆಯನ್ನು ಹರಿಯಬೇಡಿ, ತೆಗೆದಿಡಿ. ಕೆಲವು ದಿನಗಳ ನಂತರ ನೀವೇ ಓದಿ, ತಿದ್ದಿ. ಬೇಡವಾದದ್ದನ್ನು ಬಿಡಿ, ಬರೆಯುವುದನ್ನು ಬಿಡಬೇಡಿ.