ಡಾ. ಲೆಸ್ಲಿ ಕೋಲ್ಮನ್

ಅಡಕೆಯ ತೋಟಕ್ಕೆ ಮಳೆಗಾಲ ಬಂತೆಂದರೆ ಕೊಳೆರೋಗದ ಭಯವೂ ಬಂದಂತೆಯೇ. ಎಳೆಯ ಕಾಯಿಗಳು ಗೊನೆಯಲ್ಲಿಯೇ ಕೊಳೆತು ರಾಶಿರಾಶಿಯಾಗಿ ಉದುರುತ್ತಿದ್ದ ಕಾಲದಲ್ಲಿ ಮಲೆನಾಡಿನ ಬೆಳೆಗಾರನಿಗೆ ತಿಳಿದಿದ್ದ ಮುಖ್ಯ ಉಪಾಯವೆಂದರೆ ಕೊನೆಗಾರನನ್ನು ಮರಕ್ಕೆ ಹತ್ತಿಸಿ ಒಂದೊಂದು ಗೊನೆಗೂ ಕೊಟ್ಟೆ ಕಟ್ಟಿಸುವುದು. ರೋಗದ ಮೂಲವನ್ನರಿತು ಮದ್ದನ್ನು ತೋರಿಸಿಕೊಟ್ಟವರು ಕೆನಡಾ ದೇಶದ ಲೆಸ್ಲಿ ಚಾರ್ಲ್ಸ್ ಕೋಲ್ಮನ್.

1878ರಲ್ಲಿ ಆಂಟೇರಿಯೋ ಪ್ರಾಂತದಲ್ಲಿ ಜನಿಸಿದ ಅವರು ಟೊರಾಂಟೋದಲ್ಲಿ ಓದಿ, ಜರ್ಮನಿಯ ಗೊಟ್ಟಿಂಗೆನ್ನಿನಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿ ಅವರು ಅಭ್ಯಸಿಸಿದುದು ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವ ಕ್ರಿಯೆಯನ್ನು. ಅಂದು ಅದು ಪಂಡಿತರ ಕುತೂಹಲವೆಂದೇ ಅನೇಕರಿಗೆ ತೋರಿರಬೇಕು. ಇಂದು ಹಾವೇರಿ, ರಾಣೆಬೆನ್ನೂರುಗಳ ಗೋವಿನಜೋಳದ ಹೊಲಕ್ಕೆ ಎರಚುವ ಯೂರಿಯದ ಸಾರಜನಕದಲ್ಲಿ ಅಲ್ಪಾಂಶವು ಇಂಥ ಜೀವಿಗಳ ದೆಸೆಯಿಂದಲೇ ನೈಟ್ರಸ್ ಆಕ್ಸೈಡ್ ಆಗಿ ಆಕಾಶವನ್ನು ಸೇರುತ್ತದೆ. ಅಲ್ಪಾಂಶವೆಂದು ಅಲಕ್ಷಿಸುವಂತಿಲ್ಲ, ಭೂಮಿಯನ್ನು ಕಾಯಿಸುವುದರಲ್ಲಿ ಆ ಅನಿಲವು, ತೂಕಕ್ಕೆ ತೂಕ, ಇಂಗಾಲಾಮ್ಲ ವಾಯುವಿಗಿಂತ ಸುಮಾರು 270 ಪಟ್ಟು ಪ್ರಬಲವಾದುದು. ಆದಕಾರಣ ಗೊಬ್ಬರವನ್ನು ಎಷ್ಟು, ಯಾವಾಗ ಕೊಡಬೇಕೆಂಬ ಪ್ರಶ್ನೆ ಈಗ ರೈತನೊಬ್ಬನ ಜೇಬಿನ ಪ್ರಶ್ನೆಯಾಗಿ ಉಳಿದಿಲ್ಲ.

1908ರಲ್ಲಿ ಅವರು ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಕೊಳೆರೋಗಕ್ಕೆ ಒಂದು ಶಿಲೀಂಧ್ರವೇ ಕಾರಣವೆಂಬುದನ್ನು 1910ರ ವರದಿಯಲ್ಲಿ ವಿವರಿಸಿದರು. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವು ಯೂರೋಪಿನ ದ್ರಾಕ್ಷಿತೋಟಗಳಿಗೆ ಹೊಸದಲ್ಲ. ಆದರೆ ಮಲೆನಾಡಿನ ಜಡಿಮಳೆಯಲ್ಲಿ ಅದು ಕಾಯಿಯ ಮೇಲೆ ನಿಲ್ಲಬೇಕಲ್ಲ! ರಾಳವನ್ನೂ ಸೋಡವನ್ನೂ ಸೇರಿಸಿ ಅದು ಅಂಟಿಕೊಳ್ಳುವಂತೆ ಮಾಡಿದರು. ಪರದೇಶದ ವಿದ್ಯೆ ನಮ್ಮದಾಗುವುದು ಇಂಥ ಸಣ್ಣ ಹೊಂದಾಣಿಕೆಗಳಿಂದ ಎಂದು ನನಗೆ ತೋರುತ್ತದೆ.

ಮುಂದೆ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದ ಕೃಷಿಶಾಲೆ ಆರಂಭವಾಯಿತು. ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದೆಯೂ ಅವರ ಶ್ರಮವಿದೆ. 1934ರಲ್ಲಿ ಸೇವೆಯಿಂದ ಬಿಡುಗಡೆ ಹೊಂದಿದರು.

ನಮ್ಮ ಹಾವೇರಿ, ಬ್ಯಾಡಗಿಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಅವರ ಇಲಾಖೆಯ ಎಲ್ಲೆಯ ಹೊರಗಿದ್ದವು. ಈಗ ಈ ಜಿಲ್ಲೆಯಲ್ಲಿಯೂ ಅಡಕೆಯ ತೋಟಗಳು ಹಬ್ಬುತ್ತಿವೆ. ಕೋಲ್ಮನ್ನರ ಹೆಸರನ್ನು ಕೇಳದವರೂ ಮಳೆಗೆ ಮುನ್ನ ಬೋರ್ಡೋ ದ್ರಾವಣವನ್ನು ಕಲಸುತ್ತಾರೆ. ವರ್ಷವರ್ಷವೂ ಸಿಂಪಡಿಸಿದ ತಾಮ್ರ ಮಾತ್ರ ಎಲ್ಲಿಗೂ ಹೋಗದೆ ಮಣ್ಣಿನಲ್ಲಿಯೇ ಸಂಚಯವಾಗುತ್ತದೆ, ಅತಿಯಾದರೆ ಅಲ್ಲಿನ ಸೂಕ್ಷ್ಮಜೀವಿಗಳನ್ನೇ ಪೀಡಿಸುತ್ತದೆ. ಆ ಜೀವಿಗಳಿಂದಲೇ ವಿದ್ಯಾವ್ಯಾಸಂಗವನ್ನು ತೊಡಗಿದ್ದ ಕೋಲ್ಮನ್ನರು 1954ರಲ್ಲಿ ಕೆನಡಾದಲ್ಲಿ ತೀರಿಕೊಂಡರು.