ಜೋ ಮೀಕ್ (1929–1967): ಸ್ವತಂತ್ರ ಧ್ವನಿಮುದ್ರಣದ ಹರಿಕಾರ

ಪಾಶ್ಚಾತ್ಯ ಜನಪ್ರಿಯ ಸಂಗೀತದ ಧ್ವನಿಮುದ್ರಣ ಕ್ಷೇತ್ರದಲ್ಲಿ ಬ್ರಿಟನ್ನಿನ ಜೋ ಮೀಕ್ ಅವರದು ಪ್ರಮುಖ ಹೆಸರು. ದೊಡ್ಡ ಕಂಪನಿಗಳ ಸುಸಜ್ಜಿತ ಸ್ಟುಡಿಯೋಗಳಲ್ಲಿ ಮಾತ್ರ ಉತ್ತಮ ಧ್ವನಿಮುದ್ರಣ ಸಾಧ್ಯವೆಂದು ನಂಬಲಾಗಿದ್ದ ಕಾಲದಲ್ಲಿ, ಬಾಡಿಗೆ ಮನೆಯೊಂದನ್ನೇ ಸ್ಟುಡಿಯೋ ಆಗಿ ಮಾರ್ಪಡಿಸಿ, ಅಲ್ಲಿಂದ ವಿಶ್ವವಿಖ್ಯಾತ ಧ್ವನಿಮುದ್ರಿಕೆಗಳನ್ನು ಹೊರತಂದ ಕೀರ್ತಿ ಅವರಿಗೆ ಸಲ್ಲುತ್ತದೆ.

ಬಾಲ್ಯ ಮತ್ತು ವೃತ್ತಿಯ ಆರಂಭ

ರಾಬರ್ಟ್ ಜಾರ್ಜ್ ಮೀಕ್ ಅವರು 1929ರ ಏಪ್ರಿಲ್ 5ರಂದು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತ್ಯದ ನ್ಯೂಯೆಂಟ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ವಿದ್ಯುತ್ ಉಪಕರಣಗಳ ಬಿಡಿಭಾಗಗಳನ್ನು ಸಂಗ್ರಹಿಸಿ ಹೊಸ ಸಾಧನಗಳನ್ನು ಜೋಡಿಸುವ ಹವ್ಯಾಸ ಬೆಳೆಸಿಕೊಂಡಿದ್ದರು. ಕಡ್ಡಾಯ ಸೈನಿಕ ಸೇವೆಯ ಅವಧಿಯಲ್ಲಿ ವಾಯುಪಡೆಯಲ್ಲಿ ರೇಡಾರ್ ತಂತ್ರಜ್ಞರಾಗಿ, ಅನಂತರ ವಿದ್ಯುತ್ ಮಂಡಳಿಯಲ್ಲಿ ಕಾರ್ಯನಿರ್ವಹಿಸಿದರು.

1950ರ ದಶಕದ ಮಧ್ಯಭಾಗದಲ್ಲಿ ಅವರು ಲಂಡನ್ನಿನ ಐಬಿಸಿ ಸ್ಟುಡಿಯೋ ಸೇರಿದರು. ವಾದ್ಯಗಳ ಧ್ವನಿಯನ್ನು ಇದ್ದಂತೆಯೇ ಹಿಡಿದಿಡುವುದು ತಂತ್ರಜ್ಞರ ಕರ್ತವ್ಯವೆಂದು ಆಗ ಭಾವಿಸಲಾಗಿತ್ತು. ಮೀಕ್ ಅವರ ದೃಷ್ಟಿಯಲ್ಲಿ ಧ್ವನಿಮುದ್ರಣವೇ ಒಂದು ಸೃಜನಶೀಲ ಕಲೆಯಾಗಿತ್ತು. 1956ರಲ್ಲಿ ಹಂಫ್ರಿ ಲಿಟಲ್ಟನ್ ಅವರ ‘ಬ್ಯಾಡ್ ಪೆನ್ನಿ ಬ್ಲೂಸ್’ ಮುದ್ರಣದಲ್ಲಿ ಪಿಯಾನೋದ ನಾದವನ್ನು ಮಾರ್ಪಡಿಸಿ ಎದ್ದುಕೇಳುವಂತೆ ಮಾಡಿದರು. ಮುಂದೆ ಲ್ಯಾನ್ಸ್‌ಡೌನ್ ಸ್ಟುಡಿಯೋದಲ್ಲಿಯೂ ಅವರು ಸೇವೆ ಸಲ್ಲಿಸಿದರು.

ಸ್ವತಂತ್ರ ಸ್ಟುಡಿಯೋ

1960ರಲ್ಲಿ ಪಾಲುದಾರರೊಡನೆ ಟ್ರಯಂಫ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದು ಹೊರತಂದ ‘ಏಂಜೆಲಾ ಜೋನ್ಸ್’ ಗೀತೆ ಬ್ರಿಟನ್ನಿನ ಮೊದಲ ಹತ್ತು ಸ್ಥಾನಗಳೊಳಗೆ ಬಂದಿತಾದರೂ, ಬೇಡಿಕೆ ಇದ್ದಷ್ಟು ತಟ್ಟೆಗಳನ್ನು ಪೂರೈಸಲು ಚಿಕ್ಕ ಸಂಸ್ಥೆಗೆ ಸಾಧ್ಯವಾಗಲಿಲ್ಲ. ಈ ಅನುಭವದ ನಂತರ ಮೀಕ್ ಅವರು ಬೇರೊಂದು ಮಾರ್ಗ ಹಿಡಿದರು. ಮುದ್ರಣವನ್ನು ತಾವೇ ಮಾಡಿ, ಸಿದ್ಧಗೊಂಡ ಟೇಪುಗಳನ್ನು ದೊಡ್ಡ ಕಂಪನಿಗಳಿಗೆ ಗುತ್ತಿಗೆ ನೀಡತೊಡಗಿದರು. ಇದಕ್ಕಾಗಿ, ಉದ್ಯಮಿ ಮೇಜರ್ ವಿಲ್ಫ್ರೆಡ್ ಬ್ಯಾಂಕ್ಸ್ ಅವರ ಹಣಕಾಸಿನ ನೆರವಿನಿಂದ ಆರ್‌ಜಿಎಂ ಸೌಂಡ್ ಸಂಸ್ಥೆ ಸ್ಥಾಪನೆಯಾಯಿತು.

ಉತ್ತರ ಲಂಡನ್ನಿನ 304, ಹಾಲೋವೇ ರಸ್ತೆಯಲ್ಲಿ ಚರ್ಮದ ಸರಕಿನ ಅಂಗಡಿಯ ಮೇಲಿದ್ದ ಮನೆಯೇ ಸ್ಟುಡಿಯೋ ಆಯಿತು. ಗಾಯಕರು ಸ್ನಾನಗೃಹದಲ್ಲಿ ನಿಂತು ಹಾಡುತ್ತಿದ್ದುದುಂಟು. ಅಲ್ಲಿನ ಗೋಡೆಗಳ ಪ್ರತಿಧ್ವನಿ ಕಂಠಕ್ಕೆ ಗಾಂಭೀರ್ಯ ನೀಡುತ್ತಿತ್ತು. ಮೈಕ್‌ಗಳನ್ನು ವಾದ್ಯಗಳ ತೀರ ಸಮೀಪದಲ್ಲಿ ಇರಿಸುವುದು, ಒಂದು ಟೇಪಿನ ಧ್ವನಿಯ ಮೇಲೆ ಮತ್ತೊಂದನ್ನು ಸೇರಿಸುವುದು, ಟೇಪಿನ ವೇಗವನ್ನು ಬದಲಿಸುವುದು ಅವರ ಪದ್ಧತಿಗಳಾಗಿದ್ದವು. ಸ್ವತಃ ಅವರಿಗೆ ವಾದ್ಯ ನುಡಿಸಲು ಬರುತ್ತಿರಲಿಲ್ಲ. ಮನಸ್ಸಿಗೆ ಹೊಳೆದ ರಾಗವನ್ನು ಗುನುಗಿ ಟೇಪಿನಲ್ಲಿ ದಾಖಲಿಸಿ ಸಂಗೀತಗಾರರಿಗೆ ಕೇಳಿಸುತ್ತಿದ್ದರು.

ಯಶಸ್ಸು ಮತ್ತು ಸಂಕಷ್ಟ

1961ರಲ್ಲಿ ಜಾನ್ ಲೇಟನ್ ಹಾಡಿದ ‘ಜಾನಿ ರಿಮೆಂಬರ್ ಮಿ’ ಬ್ರಿಟನ್ನಿನಲ್ಲಿ ಪ್ರಥಮ ಸ್ಥಾನ ಪಡೆಯಿತು. 1962ರ ಜುಲೈ 10ರಂದು ಟೆಲ್‌ಸ್ಟಾರ್ ಸಂಪರ್ಕ ಉಪಗ್ರಹ ಉಡಾವಣೆಗೊಂಡಿತು. ಅದರಿಂದ ಪ್ರೇರಿತರಾಗಿ ಮೀಕ್ ಅವರು ರಚಿಸಿದ ‘ಟೆಲ್‌ಸ್ಟಾರ್’ ವಾದ್ಯಕೃತಿಯನ್ನು ಟೊರ್ನೇಡೋಸ್ ತಂಡ ನುಡಿಸಿತು. ಅದೇ ವರ್ಷ ಇದು ಬ್ರಿಟನ್ ಮತ್ತು ಅಮೆರಿಕ ಎರಡೂ ದೇಶಗಳಲ್ಲಿ ಪ್ರಥಮ ಸ್ಥಾನಕ್ಕೇರಿತು. ಅಮೆರಿಕದ ಜನಪ್ರಿಯತಾ ಪಟ್ಟಿಯಲ್ಲಿ ಬ್ರಿಟಿಷ್ ವಾದ್ಯತಂಡವೊಂದು ಅಗ್ರಸ್ಥಾನ ಗಳಿಸಿದ್ದು ಅದೇ ಮೊದಲು.

ಆದರೆ ಈ ಯಶಸ್ಸಿನ ಫಲ ಅವರ ಕೈಸೇರಲಿಲ್ಲ. ಈ ಕೃತಿಯು ತಮ್ಮ ಚಲನಚಿತ್ರ ಸಂಗೀತದ ನಕಲೆಂದು ಫ್ರಾನ್ಸಿನ ಸಂಯೋಜಕ ಜಾನ್ ಲೆದ್ರ್ಯೂ ಅವರು ದಾವೆ ಹೂಡಿದ್ದರಿಂದ ಗೌರವಧನದ ಪಾವತಿ ಸ್ಥಗಿತಗೊಂಡಿತು. ಸ್ಟುಡಿಯೋದ ಖರ್ಚುವೆಚ್ಚ ಮಾತ್ರ ನಿಲ್ಲಲಿಲ್ಲ. ಅಂದಿನ ಕಾನೂನಿನಲ್ಲಿ ಸಲಿಂಗ ಸಂಬಂಧ ಅಪರಾಧವಾಗಿದ್ದುದರಿಂದ 1963ರಲ್ಲಿ ಅವರು ನ್ಯಾಯಾಲಯದ ದಂಡನೆಗೂ ಗುರಿಯಾದರು.

1964ರಲ್ಲಿ ಹನಿಕೂಂಬ್ಸ್ ತಂಡದ ‘ಹ್ಯಾವ್ ಐ ದ ರೈಟ್’ ಗೀತೆ ಬ್ರಿಟನ್ನಿನಲ್ಲಿ ಮತ್ತೆ ಪ್ರಥಮ ಸ್ಥಾನ ತಂದಿತು. ಅದರ ತಾಳಕ್ಕಾಗಿ ತಂಡದ ಸದಸ್ಯರು ಮನೆಯ ಮರದ ಮೆಟ್ಟಿಲುಗಳನ್ನು ತುಳಿದ ಸದ್ದನ್ನೇ ಮುದ್ರಿಸಿಕೊಳ್ಳಲಾಗಿತ್ತು. ಅನಂತರದ ವರ್ಷಗಳಲ್ಲಿ ಜನರ ಅಭಿರುಚಿ ಬದಲಾಯಿತು. ಸಾಲ ಮತ್ತು ಮಾನಸಿಕ ಅಸ್ವಸ್ಥತೆ ಅವರನ್ನು ಕಾಡಿದವು. 1967ರ ಫೆಬ್ರವರಿ 3ರಂದು ಅದೇ ಮನೆಯಲ್ಲಿ ಮನೆಯೊಡತಿಯು ಅವರ ಗುಂಡೇಟಿಗೆ ಬಲಿಯಾದರು. ಕೂಡಲೇ ಅವರೂ ಪ್ರಾಣ ಕಳೆದುಕೊಂಡರು. ಆಗ ಅವರಿಗೆ 37 ವರ್ಷ. ‘ಟೆಲ್‌ಸ್ಟಾರ್’ ಕುರಿತ ವ್ಯಾಜ್ಯ ಅವರ ಪರವಾಗಿ ಇತ್ಯರ್ಥವಾದದ್ದು ಮರಣಾನಂತರ. ಇಂಗ್ಲೆಂಡಿನಲ್ಲಿ ಸಲಿಂಗ ಸಂಬಂಧ ಕುರಿತ ಕಾನೂನು ಸಡಿಲಗೊಂಡದ್ದೂ ಅದೇ ವರ್ಷದ ಜುಲೈನಲ್ಲಿ.

ಕೊಡುಗೆ

ಮರಣಾನಂತರ ಅವರ ಸ್ಟುಡಿಯೋದ 1,800ಕ್ಕೂ ಹೆಚ್ಚು ಟೇಪುಗಳನ್ನು ಚಹಾ ಸಾಗಿಸುವ ಮರದ ಪೆಟ್ಟಿಗೆಗಳಲ್ಲಿ ತುಂಬಿಡಲಾಗಿತ್ತು. ದಶಕಗಳ ಕಾಲ ಸುರಕ್ಷಿತವಾಗಿದ್ದ ಈ ಸಂಗ್ರಹವನ್ನು 2020ರಲ್ಲಿ ಚೆರಿ ರೆಡ್ ಸಂಸ್ಥೆ ಪಡೆದುಕೊಂಡಿತು. ಬ್ರಿಟನ್ನಿನ ಸಂಗೀತ ನಿರ್ಮಾಪಕರ ಸಂಘವು 2009ರಲ್ಲಿ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿತು. ಮನೆಯ ಕೋಣೆಯಲ್ಲಿಯೇ ಧ್ವನಿಮುದ್ರಣ ಮಾಡುವುದು ಇಂದು ಸರ್ವೇಸಾಮಾನ್ಯವಾಗಿದೆ. ಆ ಹಾದಿಯನ್ನು ಮೊದಲು ತುಳಿದವರಲ್ಲಿ ಮೀಕ್ ಅವರು ಅಗ್ರಗಣ್ಯರು. ಅವರ ಜೀವನವು ಸ್ವತಂತ್ರ ಪ್ರತಿಭೆಯ ಸಾಧ್ಯತೆಗೆ ನಿದರ್ಶನವಾಗಿರುವಂತೆಯೇ, ಕಲಾವಿದರ ಗಳಿಕೆಗೆ ರಕ್ಷಣೆ ಹಾಗೂ ಸಂಕಷ್ಟದಲ್ಲಿ ಆಸರೆ ದೊರೆಯಬೇಕಾದ ಅಗತ್ಯವನ್ನೂ ಸಾರುತ್ತದೆ.